ವಾಕರ್, ವ್ಹೀಲ್‌ಚೇರ್ ಮತ್ತು ತರಕಾರಿ ಚೀಲ

ಹಾಲು, ತರಕಾರಿ, ಔಷಧಿ, ಬ್ಯಾಂಕು, ಹಿಟ್ಟಿನ ಗಿರಣಿ, ದರ್ಜಿ ಅಂಗಡಿ. ಯಾವ ಮನೆಯಲ್ಲೂ ವಾರ ಕಳೆಯುವುದು ಇವುಗಳಲ್ಲೇ. ವಾಕರ್ ಹಿಡಿದು ನಡೆಯುವ ಅಥವಾ ವ್ಹೀಲ್‌ಚೇರಿನಲ್ಲಿ ಕೂರುವ ಪುಟ್ಟ ಮಗುವಿದ್ದರೆ ಚೀಲ ಕೈಗೆತ್ತಿಕೊಂಡಾಗಲೆಲ್ಲ ಒಂದು ಪ್ರಶ್ನೆ ಏಳುತ್ತದೆ: ಮಗುವನ್ನು ಕರೆದುಕೊಂಡು ಹೋಗುವುದೋ, ಅಜ್ಜಿಯ ಹತ್ತಿರ ಬಿಟ್ಟು ಹೋಗುವುದೋ? ಬಿಟ್ಟು ಹೋದರೆ ಅರ್ಧ ಗಂಟೆಯಲ್ಲಿ ಕೆಲಸ ಮುಗಿಯುತ್ತದೆ, ನಿಜ. ಆದರೆ ಫಿಸಿಯೋಥೆರಪಿಗೆ ಮತ್ತು ಆಸ್ಪತ್ರೆಗೆ ಮಾತ್ರ ಮನೆಯಿಂದ ಹೊರಬೀಳುವ ಮಗುವಿಗೆ ಊರೆಂದರೆ ಆಸ್ಪತ್ರೆ ಎಂದೇ ಆಗಿಬಿಡುತ್ತದೆ.

ಸೆರೆಬ್ರಲ್ ಪಾಲ್ಸಿ ಇರುವ ಮಗನ ತಾಯಿಯಾಗಿ ನನ್ನ ಅಭಿಪ್ರಾಯ ಖಚಿತ. ಕರೆದುಕೊಂಡೇ ಹೋಗಬೇಕು. ಎಲ್ಲ ಕೆಲಸಕ್ಕೂ ಬೇಡ. ಗಡಿಬಿಡಿಯ ದಿನ ಬೇಡವೇ ಬೇಡ. ವಾರಕ್ಕೆ ಒಂದೆರಡು ಸಲವಾದರೂ ಸಾಕು. ಟೊಮೆಟೊ ಆರಿಸುವುದು, ದುಡ್ಡು ಕೊಡುವುದು, ಚಿಲ್ಲರೆ ಎಣಿಸುವುದು, ಅಂಗಡಿಯವರ ಜೊತೆ ನಾಲ್ಕು ಮಾತಾಡುವುದು, ಇವನ್ನೆಲ್ಲ ಉಳಿದ ಮಕ್ಕಳು ಅಪ್ಪ ಅಮ್ಮನ ಬೆರಳು ಹಿಡಿದು ತಿರುಗುತ್ತಲೇ ಕಲಿತುಬಿಡುತ್ತಾರೆ. ನಮ್ಮ ಮಕ್ಕಳೂ ಕಲಿಯುತ್ತಾರೆ. ಅದಕ್ಕೆ ನಾವು ಸ್ವಲ್ಪ ಮೊದಲೇ ಯೋಚಿಸಿ ಹೊರಡಬೇಕು, ಅಷ್ಟೇ.

ನಡೆಸುವುದೋ, ಕೂರಿಸುವುದೋ

ನಮ್ಮ ಮನೆಗಳಲ್ಲಿ ಒಂದು ಹೆದರಿಕೆ ಬೇರೂರಿದೆ: ಕುರ್ಚಿ ಅಭ್ಯಾಸವಾದರೆ ಮಗು ನಡೆಯುವುದನ್ನೇ ಬಿಟ್ಟುಬಿಡುತ್ತದೆ ಎಂದು. ಈ ಹೆದರಿಕೆಯಿಂದ ಕೆಲವರು ಬೇಗ ದಣಿಯುವ ಮಗುವನ್ನು ಮಾರುಕಟ್ಟೆಯುದ್ದಕ್ಕೂ ವಾಕರಿನಲ್ಲೇ ನಡೆಸುತ್ತಾರೆ. ಇನ್ನು ಕೆಲವರು ಆರೇಳು ವರ್ಷವಾದರೂ ಸೊಂಟದ ಮೇಲೆ ಹೊತ್ತೇ ತಿರುಗುತ್ತಾರೆ, ಕೊನೆಗೆ ಅಮ್ಮನ ಬೆನ್ನು ಕೈಕೊಡುತ್ತದೆ. ಸ್ನಾಯುಗಳಲ್ಲಿ ಬಿಗಿತವಿರುವ ಮಗುವಿಗೆ ಅದೇ ದೂರ ನಡೆಯಲು ಉಳಿದ ಮಕ್ಕಳಿಗಿಂತ ಬಹಳ ಹೆಚ್ಚು ಶಕ್ತಿ ಬೇಕು. ಅಂಗಡಿ ಸೇರುವಷ್ಟರಲ್ಲಿ ಅದರ ಗಮನವೆಲ್ಲ ಮುಂದಿನ ಹೆಜ್ಜೆ ಎಲ್ಲಿಡಲಿ ಎಂಬುದರಲ್ಲೇ ಖರ್ಚಾಗಿರುತ್ತದೆ. ಅಲ್ಲಿ ಕಿತ್ತಳೆ ಇದೆಯೋ ಮೂಸಂಬಿ ಇದೆಯೋ ನೋಡುವ ಚೈತನ್ಯ ಉಳಿದಿರುವುದಿಲ್ಲ.

ನಡಿಗೆಯ ಅಭ್ಯಾಸಕ್ಕೆ ಬೇರೆ ಹೊತ್ತು ಇಟ್ಟುಕೊಳ್ಳಿ. ಪೇಟೆಗೆ ಕುರ್ಚಿ ಒಯ್ಯಿರಿ. ಮೂಲೆಯಂಗಡಿಯಿಂದ ಒಂದು ಪ್ಯಾಕೆಟ್ ಹಾಲು ತರಬೇಕು, ಬಿಸಿಲಿಲ್ಲ, ಆತುರವಿಲ್ಲ ಎಂದಾದರೆ ವಾಕರಿನಲ್ಲೇ ಹೋಗಬಹುದು. ಎರಡು ಮೂರು ಅಂಗಡಿ ಸುತ್ತುವುದಿದ್ದರೆ ಕುರ್ಚಿಯೇ ಸರಿ. ಜೊತೆಗೆ ಇನ್ನೊಬ್ಬರು ಬರುವುದಾದರೆ ಮಡಚುವ ಅಲ್ಯೂಮಿನಿಯಂ ವಾಕರ್ ಅವರ ಕೈಯಲ್ಲಿರಲಿ. ಹೂವಿನ ಅಂಗಡಿಯ ಮುಂದೆ ಮಗು ಇಳಿದು ಹತ್ತು ಹೆಜ್ಜೆ ತಾನೇ ನಡೆದು ಹೋಗಿ ಕೇಳಬಹುದು. ಯಾವ ದೂರಕ್ಕೆ ಯಾವುದು ಎಂದು ನಿಮ್ಮ ಫಿಸಿಯೋಥೆರಪಿಸ್ಟ್ ಹತ್ತಿರ ನೇರವಾಗಿಯೇ ಕೇಳಿ. "ಎಷ್ಟು ನಡೆಸಬೇಕು" ಎಂದು ಕೇಳುವ ನಾವು "ಎಲ್ಲಿ ನಡೆಸಬಾರದು" ಎಂದು ಕೇಳುವುದು ಕಡಿಮೆ.

ಕುರ್ಚಿ ಎಂದಾಗ ಅಳತೆಯ ಮಾತು ಬರಲೇಬೇಕು. ದಾನವಾಗಿ ಬರುವ, ಆಸ್ಪತ್ರೆಯಲ್ಲಿ ನಾವು ನೋಡುವ ಕುರ್ಚಿಗಳ ಆಸನ ಸಾಮಾನ್ಯವಾಗಿ 18 ಇಂಚು ಅಗಲ. ಐದು ವರ್ಷದ ಮಗುವನ್ನು ಅದರಲ್ಲಿ ಕೂರಿಸಿದರೆ ಒಂದು ಬದಿಗೆ ವಾಲುತ್ತದೆ, ಕಾಲು ಗಾಳಿಯಲ್ಲಿ ನೇತಾಡುತ್ತದೆ, ಬೆನ್ನು ಬಾಗುತ್ತದೆ. ಮಕ್ಕಳಿಗೆ 10, 12, 14 ಇಂಚಿನ ಆಸನದ ಕುರ್ಚಿಗಳು ಸಿಗುತ್ತವೆ. ಪಾದ ಪೂರ್ತಿಯಾಗಿ ಪಾದದ ಹಲಗೆಯ ಮೇಲೆ ಕೂರಬೇಕು, ಬೆಲ್ಟು ಹೊಟ್ಟೆಗಲ್ಲದೆ ಸೊಂಟದ ಮೂಳೆಗೆ ತಗುಲುವಂತಿರಬೇಕು. ಬೆಂಗಳೂರಿನಲ್ಲಿ ಲಿಂಗರಾಜಪುರದ ಎಪಿಡಿ ಸಂಸ್ಥೆ, ಜೆ.ಪಿ. ನಗರದ ಮೊಬಿಲಿಟಿ ಇಂಡಿಯಾ ಹೀಗೆ ಅಳತೆಗೆ ಕುರ್ಚಿ ಹೊಂದಿಸುವ ಕೆಲಸ ಮಾಡುತ್ತ ಬಂದಿವೆ. ಎಪಿಡಿಯನ್ನು 1959ರಲ್ಲಿ ಕಟ್ಟಿದ ಎನ್.ಎಸ್. ಹೇಮಾ ಅವರು ಸ್ವತಃ ವ್ಹೀಲ್‌ಚೇರ್ ಬಳಸುತ್ತಿದ್ದವರು. ಕೊಳ್ಳುವ ಶಕ್ತಿ ಇಲ್ಲದವರು ಕೇಂದ್ರ ಸರ್ಕಾರದ ಅಡಿಪ್ ಯೋಜನೆಯ ಶಿಬಿರಗಳ ಬಗ್ಗೆ ವಿಚಾರಿಸಬೇಕು. ಶೇ. 40ರಷ್ಟು ಅಂಗವೈಕಲ್ಯದ ಪ್ರಮಾಣಪತ್ರವಿದ್ದು, ತಿಂಗಳ ಆದಾಯ 22,500 ರೂಪಾಯಿಯೊಳಗಿದ್ದರೆ ಉಪಕರಣ ಉಚಿತ. 30,000 ರೂಪಾಯಿವರೆಗೆ ಅರ್ಧ ಬೆಲೆ. ಶಿಬಿರದಲ್ಲಿ ಕೊಟ್ಟದ್ದನ್ನು ಹಾಗೇ ತರಬೇಡಿ. ಮಗುವನ್ನು ಕೂರಿಸಿ ನೋಡಿ, ಅಳತೆ ಹೊಂದದಿದ್ದರೆ ಅಲ್ಲೇ ಹೇಳಿ.

ಸ್ಪ್ಲಿಂಟ್ ಹಾಕುವ ಮಕ್ಕಳಿಗೆ ಹೊಲಿಗೆಯ ಗಂಟು ಒತ್ತದ ಹತ್ತಿಯ ಕಾಲುಚೀಲ, ಮೇಲೆ ಒಂದು ಸೈಜು ದೊಡ್ಡ ಶೂ ಬೇಕು. ಬೇಸಿಗೆಯಲ್ಲಿ ಸ್ಪ್ಲಿಂಟ್ ಒಳಗೆ ಕಾಲು ಬೆವೆತು ಮೆತ್ತಗಾಗುತ್ತದೆ. ಇನ್ನೊಂದು ಜೊತೆ ಕಾಲುಚೀಲ ಚೀಲದಲ್ಲಿರಲಿ. ಮನೆಗೆ ಬಂದ ಮೇಲೆ ಬಿಚ್ಚಿ ನೋಡಿ. ಕೆಂಪಾದ ಜಾಗ ಅರ್ಧ ಗಂಟೆಯಲ್ಲಿ ಮಾಯವಾಗದಿದ್ದರೆ ಮಾಡಿಕೊಟ್ಟವರಿಗೆ ತೋರಿಸಿ ಸರಿಪಡಿಸಿಕೊಳ್ಳಿ, ಮಗು ಹಟ ಮಾಡುತ್ತಿದೆ ಎಂದು ಗದರಬೇಡಿ.

ಚೀಲದಲ್ಲಿ ಇನ್ನೇನು? ನೀರು, ಒಂದು ಟವೆಲ್, ಹಾಸಲು ಪ್ಲಾಸ್ಟಿಕ್ ಚಾಪೆ, ಬದಲು ಬಟ್ಟೆ, ವಾಕರಿನ ಅಥವಾ ಊರುಗೋಲಿನ ಬುಡಕ್ಕೆ ಹಾಕುವ ರಬ್ಬರ್ ಒಂದೆರಡು. ಆ ರಬ್ಬರ್ ಸವೆದು ನುಣ್ಣಗಾದರೆ ಮಳೆಗಾಲದಲ್ಲಿ ಗ್ರಾನೈಟ್ ನೆಲದ ಮೇಲೆ ಜಾರುವುದು ಖಂಡಿತ. ತಿಂಗಳಿಗೊಮ್ಮೆ ತಿರುಗಿಸಿ ನೋಡುವುದು ಒಳ್ಳೆಯದು. ಗಾಳಿ ತುಂಬುವ ಚಕ್ರದ ಕುರ್ಚಿಯಾದರೆ ಪಂಕ್ಚರಿಗೆ ಸೈಕಲ್ ಅಂಗಡಿಯೇ ಸಾಕು.

ಈಗ ಅತಿ ಮುಖ್ಯವಾದ ಎಚ್ಚರಿಕೆ. ಕುರ್ಚಿಯ ಹಿಂದಿನ ಹಿಡಿಗೆ ತರಕಾರಿ ಚೀಲ ನೇತುಹಾಕಬೇಡಿ. ಮಕ್ಕಳ ಕುರ್ಚಿ ಹಗುರ, ಕೂತವರೂ ಹಗುರ. ನಾಲ್ಕು ಕಿಲೋ ಈರುಳ್ಳಿ ಹಿಂದೆ ತೂಗಿದರೆ ಸಣ್ಣ ಏರಿನಲ್ಲೂ ಕುರ್ಚಿ ಹಿಂದಕ್ಕೆ ಮಗುಚುತ್ತದೆ; ಮಗುವನ್ನು ಎತ್ತಿಕೊಂಡ ಕೂಡಲೇ ಅಂತೂ ಬಿದ್ದೇ ಬೀಳುತ್ತದೆ. ಭಾರದ ಸಾಮಾನನ್ನು ಆಸನದ ಕೆಳಗೆ ಚೀಲ ಕಟ್ಟಿ ಇಡಿ, ಇಲ್ಲವೇ ನಿಮ್ಮ ಬೆನ್ನಿಗೆ ಹಾಕಿಕೊಳ್ಳಿ. ಅಕ್ಕಿ, ಎಣ್ಣೆ, ಬೇಳೆಯಂಥವನ್ನು ಮನೆಗೇ ತರಿಸಿಕೊಂಡು, ಮಗುವಿನ ಜೊತೆ ಹೋಗುವಾಗ ಹಗುರವಾದವನ್ನೇ ಪಟ್ಟಿ ಮಾಡಿಕೊಳ್ಳುವುದು ಎಲ್ಲಕ್ಕಿಂತ ಉತ್ತಮ.

ಯಾವ ಅಂಗಡಿ, ಯಾವ ಹೊತ್ತು

ಹೊಳೆಯುವ ಸೂಪರ್ ಮಾರ್ಕೆಟ್ಟೇ ಸುಲಭ ಎಂದು ಅನೇಕರು ತಿಳಿದಿರುತ್ತಾರೆ. ನೆಲ ಸಮತಟ್ಟಾಗಿರುವುದು ನಿಜ. ಆದರೆ ಬಾಗಿಲಲ್ಲಿ ಮೂರು ಮೆಟ್ಟಿಲು, ಒಳಗೆ ರಟ್ಟಿನ ಪೆಟ್ಟಿಗೆಗಳಿಂದ ಕಿರಿದಾದ ಸಾಲುಗಳು, ಮಗುವಿನ ಕಣ್ಣಿಗೆ ಕಾಣುವುದು ಕೆಳಗಿನ ಎರಡು ಕಪಾಟು ಮಾತ್ರ. ಅದಕ್ಕಿಂತ ಬೀದಿಗೆ ಮುಖ ಮಾಡಿರುವ ಅಂಗಡಿಗಳು ನಮ್ಮ ಮಕ್ಕಳಿಗೆ ಎಷ್ಟೋ ಮೇಲು. ಹಾಪ್‌ಕಾಮ್ಸ್ ಮಳಿಗೆ, ನಂದಿನಿ ಬೂತ್, ತಳ್ಳುಗಾಡಿ, ಹೂವಿನವರ ಬುಟ್ಟಿ: ಇಲ್ಲೆಲ್ಲ ಒಳಗೆ ಹೋಗುವ ಪ್ರಶ್ನೆಯೇ ಇಲ್ಲ, ಕುರ್ಚಿ ನಿಲ್ಲಿಸಲು ಜಾಗವಿದ್ದರೆ ವ್ಯಾಪಾರ ಮುಗಿಯಿತು.

ಎಲ್ಲಕ್ಕಿಂತ ಒಳ್ಳೆಯದು ಸಂತೆ. ಗೋಣಿ ಹಾಸಿ ನೆಲದ ಮೇಲೆ ಗುಡ್ಡೆ ಹಾಕಿ ಕೂರುವ ವ್ಯಾಪಾರಿಯೂ ಕುರ್ಚಿಯಲ್ಲಿ ಕೂತ ಮಗುವೂ ಹೆಚ್ಚು ಕಡಿಮೆ ಒಂದೇ ಎತ್ತರದಲ್ಲಿರುತ್ತಾರೆ. ಬದನೆಕಾಯಿ ಯಾವುದು ಎಳೆಯದು, ಯಾವುದು ಬಲಿತದ್ದು ಎಂದು ಮಗು ನೇರವಾಗಿ ನೋಡಬಹುದು, ಬೆರಳು ತೋರಿಸಬಹುದು. ನಿಂತ ನಮ್ಮ ತಲೆಯ ಮೇಲಿಂದ ಹಾದುಹೋಗುವ ಮಾತು ಅಲ್ಲಿ ಮಗುವಿಗೇ ಬರುತ್ತದೆ: "ಏನ್ ಬೇಕು ಪುಟ್ಟ?" ಬೆಳಿಗ್ಗೆ ಗುಡ್ಡೆ ಜೋಡಿಸುವ ಹೊತ್ತಿಗೇ ಹೋಗಿ. ಸಂಜೆಯ ನೂಕುನುಗ್ಗಲಿನಲ್ಲಿ ಮಗುವಿನ ಮುಖದೆದುರು ಬರುವುದು ಜನರ ಚೀಲ ಮತ್ತು ಮೊಣಕೈ. ವರಮಹಾಲಕ್ಷ್ಮಿ, ಗೌರಿ ಗಣೇಶ ಹಬ್ಬಗಳ ಹಿಂದಿನ ದಿನ ಗಾಂಧಿ ಬಜಾರಿಗೋ ಮಲ್ಲೇಶ್ವರಕ್ಕೋ ಕುರ್ಚಿ ತಳ್ಳಿಕೊಂಡು ಹೋಗುವ ಆಸೆ ಬೇಡ. ಮೂರು ದಿನ ಮೊದಲೇ ಹೋದರೆ ಬಾಳೆಕಂದು, ಬಾಗಿನದ ಮೊರ ಎಲ್ಲವನ್ನೂ ನಿಧಾನವಾಗಿ ತೋರಿಸಬಹುದು.

ಹೋದಲ್ಲಿ ಮಗುವಿಗೂ ಒಂದು ಕೆಲಸ ಇರಲಿ. ಅದರ ಮಡಿಲಲ್ಲಿ ಅದರದೇ ಒಂದು ಸಣ್ಣ ಕೈಚೀಲ, ಅದರ ಪಾಲಿಗೆ ಒಂದೇ ಸಾಮಾನು. ಕೊತ್ತಂಬರಿ ಕಟ್ಟು ಆಗಬಹುದು, ನಿಂಬೆಹಣ್ಣು ಆಗಬಹುದು. ಬೆರಳಿನ ಹಿಡಿತ ಕಡಿಮೆ ಇರುವ ಮಗುವಿಗೆ ನಾಣ್ಯ ಕೊಡಬೇಡಿ, ನೋಟು ಕೊಡಿ. ನಾಣ್ಯ ಜಾರಿ ಬಿದ್ದು ಎಲ್ಲರೂ ಹುಡುಕತೊಡಗಿದರೆ ಮಗುವಿಗೆ ಮುಜುಗರ. ಮಾತು ತಡವಾಗಿ ಬರುವ ಮಗುವಾದರೆ ಅಂಗಡಿಯವರಿಗೆ ಮೊದಲೇ ಹೇಳಿ: "ಸ್ವಲ್ಪ ತಡ್ಕೊಳಿ ಅಣ್ಣ, ಅವನೇ ಹೇಳ್ತಾನೆ." ನಾನು ಕಂಡಂತೆ ತೊಂಬತ್ತು ಪಾಲು ಅಂಗಡಿಯವರು ಕಾಯುತ್ತಾರೆ. ಕಾಯದವರ ಅಂಗಡಿ ಬಿಟ್ಟು ಕಾಯುವವರ ಅಂಗಡಿಗೇ ಖಾಯಂ ಗಿರಾಕಿಗಳಾಗಿ. ಪರಿಚಯ ಬೆಳೆದ ಹಾಗೆ ಅವರೇ ಗಲ್ಲಾದಿಂದ ಇಳಿದು ಬಂದು ಮಗುವಿನ ಕೈಗೆ ಸಾಮಾನು ಕೊಡುತ್ತಾರೆ.

ಏನಾದರೂ ತಿನ್ನಿಸಬೇಕೆಂದರೆ ದರ್ಶಿನಿಗಳಲ್ಲಿ ಒಂದು ಕಷ್ಟವಿದೆ. ನಿಂತು ತಿನ್ನುವವರಿಗಾಗಿ ಮಾಡಿದ ಮೇಜುಗಳು. ಕುರ್ಚಿಯಲ್ಲಿ ಕೂತ ಮಗುವಿನ ತಲೆ ಮೇಜಿನ ಕೆಳಗೇ ಉಳಿಯುತ್ತದೆ. ಕೂತು ತಿನ್ನುವ ಹೋಟೆಲನ್ನೇ ಗುರುತು ಮಾಡಿಟ್ಟುಕೊಳ್ಳಿ.

ಶೌಚಾಲಯದ ವಿಷಯದಲ್ಲಿ ನಮ್ಮ ಪೇಟೆಗಳು ಸೋತಿವೆ. ಮೆಟ್ರೊ ನಿಲ್ದಾಣ, ದೊಡ್ಡ ಆಸ್ಪತ್ರೆ, ಮಾಲ್ ಬಿಟ್ಟರೆ ಕುರ್ಚಿ ಒಳಗೆ ಹೋಗುವ ಶೌಚಾಲಯ ಸಿಗುವುದು ಅಪರೂಪ. ಡೈಪರ್ ಬದಲಿಸುವ ಹಲಗೆ ಇದ್ದರೂ ಅದು ಕೈಗೂಸುಗಳ ಅಳತೆಯದು, ಆರು ವರ್ಷದ ಮಗುವನ್ನು ಮಲಗಿಸಲು ಆಗದು. ಆದ್ದರಿಂದ ಹೊರಡುವ ಮುನ್ನ ಮನೆಯಲ್ಲೇ ಮುಗಿಸಿ, ಎರಡು ಗಂಟೆಯೊಳಗೆ ಮರಳುವ ಲೆಕ್ಕ ಹಾಕಿ. ಹಾಗೆಂದು ಮಗುವಿಗೆ ನೀರು ಕೊಡದೆ ಕರೆದುಕೊಂಡು ಹೋಗಬೇಡಿ.

ದಾರಿಯಲ್ಲಿ

ಫುಟ್‌ಪಾತಿನ ಅಂಚು ಹತ್ತಿಸುವಾಗ ಹಿಡಿ ಕೆಳಕ್ಕೊತ್ತಿ ಮುಂದಿನ ಪುಟ್ಟ ಚಕ್ರಗಳನ್ನು ಮೇಲೆತ್ತಿ ಅಂಚಿನ ಮೇಲಿಡಿ, ಆಮೇಲೆ ಹಿಂದಿನ ದೊಡ್ಡ ಚಕ್ರಗಳನ್ನು ತಳ್ಳಿ. ಇಳಿಸುವಾಗ ತಿರುಗಿಸಿಕೊಂಡು ಹಿಮ್ಮುಖವಾಗಿ ದೊಡ್ಡ ಚಕ್ರವನ್ನೇ ಮೊದಲು ಇಳಿಸಿ. ಕಡಿದಾದ ಇಳಿಜಾರಿನಲ್ಲೂ ಹಿಮ್ಮುಖವೇ. ಮುಂದಕ್ಕೆ ಇಳಿಸಿದರೆ ಮಗು ಜಾರಿ ಬೆಲ್ಟಿನ ಮೇಲೆ ಬೀಳುತ್ತದೆ. ಮೋರಿಯ ಮೇಲಿನ ಚಪ್ಪಡಿಗಳ ಸಂದು ಪುಟ್ಟ ಚಕ್ರಗಳಿಗೆ ಶತ್ರು. ಸಂದು ಕಂಡ ಕೂಡಲೇ ನಿಲ್ಲಿಸಿ, ಚಕ್ರ ಎತ್ತಿ ದಾಟಿಸಿ. ಬೈಕು ನುಗ್ಗದಿರಲೆಂದು ನೆಟ್ಟ ಕಂಬಗಳ ನಡುವೆ ಕುರ್ಚಿ ಹಿಡಿಸುತ್ತದೆಯೇ ಎಂದು ತಿಳಿಯಲು ಕುರ್ಚಿಯ ಒಟ್ಟು ಅಗಲವನ್ನು ಅಳೆದು ಮೊಬೈಲಿನಲ್ಲಿ ಬರೆದಿಟ್ಟುಕೊಳ್ಳಿ. ಬೆಂಗಳೂರಿನಲ್ಲಿ ರೆಸಿಡೆನ್ಸಿ ರಸ್ತೆ, ಕನ್ನಿಂಗ್‌ಹ್ಯಾಂ ರಸ್ತೆಯಂಥ ಟೆಂಡರ್‌ಶ್ಯೂರ್ ರಸ್ತೆಗಳಲ್ಲಿ ಅಗಲವಾದ ಫುಟ್‌ಪಾತ್ ಇದೆ. ಮಗುವಿಗೆ ಹೊರಗಿನ ಓಡಾಟ ಹೊಸದಾಗಿದ್ದರೆ ಅಂಥಲ್ಲಿಂದ ಶುರು ಮಾಡಬಹುದು.

ಆಟೊದಲ್ಲಿ ಮಗುವನ್ನು ತೆರೆದ ಬದಿಗೆ ಕೂರಿಸಬೇಡಿ. ನಿಮಗೆ ಒತ್ತಿಕೊಂಡು ನಡುವೆ ಇರಲಿ. ಮಡಚಿದ ಕುರ್ಚಿ ಇದೆ ಎಂದು ಹತ್ತುವ ಮುಂಚೆಯೇ ಹೇಳಿ, ಮಾತು ಮುಗಿಸಿಕೊಳ್ಳಿ. ಸ್ಕೂಟರಿನ ಬಗ್ಗೆ ನನ್ನ ಮಾತು ಕಠಿಣ ಎನಿಸಬಹುದು: ತನ್ನ ಬೆನ್ನನ್ನು ತಾನೇ ನೇರವಾಗಿ ಹಿಡಿಯಲಾರದ ಮಗುವಿಗೆ ಸ್ಕೂಟರ್ ಬೇಡ, ಮೂಲೆಯಂಗಡಿಗೂ ಬೇಡ. ಸ್ಪ್ಲಿಂಟ್ ಹಾಕಿದ ಮಗುವನ್ನು ಮುಂದೆ ನಿಲ್ಲಿಸಿಕೊಳ್ಳುವುದಂತೂ ಸಲ್ಲದು. ನಾಲ್ಕು ವರ್ಷದೊಳಗಿನ ಮಕ್ಕಳನ್ನು ದ್ವಿಚಕ್ರ ವಾಹನದಲ್ಲಿ ಒಯ್ಯಲು ಸುರಕ್ಷಾ ಪಟ್ಟಿ, ಹೆಲ್ಮೆಟ್, ಗಂಟೆಗೆ 40 ಕಿ.ಮೀ. ಮೀರದ ವೇಗ ಬೇಕೆಂದು 2022ರಲ್ಲೇ ಕೇಂದ್ರದ ನಿಯಮ ಬಂದಿದೆ.

ಬೆಂಗಳೂರಿನ ಮೆಟ್ರೊದಲ್ಲಿ ಪ್ಲಾಟ್‌ಫಾರ್ಮೂ ಬೋಗಿಯ ನೆಲವೂ ಸಮವಾಗಿರುವುದರಿಂದ ಕುರ್ಚಿಯ ಮಟ್ಟಿಗೆ ಅದೇ ಅತ್ಯಂತ ನೆಮ್ಮದಿಯ ಪ್ರಯಾಣ. ಲಿಫ್ಟ್ ರಸ್ತೆಯ ಯಾವ ಬದಿಗಿದೆ ಎಂದು ಮೊದಲೇ ತಿಳಿದುಕೊಂಡರೆ ರಸ್ತೆ ದಾಟುವ ಪಾಡು ತಪ್ಪುತ್ತದೆ. ಬೋಗಿಯಿಂದ ಇಳಿಯುವಾಗ ಹಿಮ್ಮುಖವಾಗಿ ಇಳಿಸಿ. ಬಸ್ಸಿನಲ್ಲಿ ಮೊದಲ ಮೆಟ್ಟಿಲೇ ಎತ್ತರ. ಒಬ್ಬರೇ ಇದ್ದರೆ ಕುರ್ಚಿಯ ಬ್ರೇಕ್ ಹಾಕಿ, ಮಗುವನ್ನು ಎತ್ತಿಕೊಂಡು ಹತ್ತಿ, ಕುರ್ಚಿ ತರಲು ನಿರ್ವಾಹಕರನ್ನು ಕೇಳಿ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಡಿ ರಾಜ್ಯದೊಳಗೆ ಸಾಮಾನ್ಯ ಸರ್ಕಾರಿ ಬಸ್ಸುಗಳಲ್ಲಿ ಹೆಂಗಸರಿಗೂ ಹೆಣ್ಣುಮಕ್ಕಳಿಗೂ ಟಿಕೆಟ್ ಹಣವಿಲ್ಲ. ವಿಕಲಚೇತನರಿಗೆ ಮನೆಯಿಂದ 100 ಕಿ.ಮೀ. ವ್ಯಾಪ್ತಿಯ ರಿಯಾಯಿತಿ ಪಾಸ್ ಇದೆ, ಸೇವಾ ಸಿಂಧು ಮೂಲಕ ಅರ್ಜಿ ಹಾಕಬಹುದು. ಯುಡಿಐಡಿ ಗುರುತಿನ ಚೀಟಿಯ ಒಂದು ಪ್ರತಿ ಚೀಲದಲ್ಲಿ, ಇನ್ನೊಂದು ಮೊಬೈಲಿನಲ್ಲಿ ಸದಾ ಇರಲಿ.

ಜನರ ಕೈ, ಜನರ ಮಾತು

ನಮ್ಮ ಜನ ಸಹಾಯಕ್ಕೆ ಹಿಂಜರಿಯುವವರಲ್ಲ. ಕಷ್ಟ ಬರುವುದು ಅವರು ಕೇಳದೆ ಕೈಹಾಕಿದಾಗ. ಮಗುವಿನ ಕಂಕುಳಿಗೆ ಕೈ ಕೊಟ್ಟು ಎತ್ತಿಬಿಡುತ್ತಾರೆ, ಬಿಗಿತವಿರುವ ಮಗು ಬೆಚ್ಚಿ ಇನ್ನಷ್ಟು ಸೆಟೆದುಕೊಳ್ಳುತ್ತದೆ. ಕುರ್ಚಿ ಎತ್ತುವವರು ಕೈಯಾಸರೆಯನ್ನೋ ಪಾದದ ಹಲಗೆಯನ್ನೋ ಹಿಡಿಯುತ್ತಾರೆ. ಕಳಚುವ ಮಾದರಿಯಾದರೆ ಅದು ಕೈಗೇ ಬಂದುಬಿಡುತ್ತದೆ. ಯಾರಾದರೂ ಹತ್ತಿರ ಬಂದ ಕೂಡಲೇ ಏನು ಮಾಡಬೇಕೆಂದು ನೀವೇ ಹೇಳಿ: "ಮಗೂನ ಎತ್ತೋದು ಬೇಡ ಅಣ್ಣ, ಕುರ್ಚಿಯ ಈ ಕಬ್ಬಿಣ ಹಿಡ್ಕೊಳಿ, ಸಾಕು." ಹೇಳಿದರೆ ಯಾರೂ ಬೇಸರ ಮಾಡಿಕೊಳ್ಳುವುದಿಲ್ಲ. ಮಗುವನ್ನು ಎತ್ತಲೇಬೇಕಾದಾಗ ನಾವೂ "ಎತ್ಲಾ ಪುಟ್ಟ?" ಎಂದು ಕೇಳಿಯೇ ಎತ್ತಬೇಕು.

ಮಾತಿನ ವಿಷಯ ಇನ್ನೂ ಸೂಕ್ಷ್ಮ. "ಅಯ್ಯೋ ಪಾಪ, ಏನಾಯ್ತು?", "ಎಣ್ಣೆ ತಿಕ್ಕಿಸಿ ನೋಡಿದ್ರಾ?", "ಇಂಥ ದೇವರಿಗೆ ಹರಕೆ ಹೊತ್ಕೊಳಿ" ಎನ್ನುವವರು ಕೆಟ್ಟವರಲ್ಲ. ಆದರೆ ಮಗು ಅಲ್ಲೇ ಕೂತು ಪ್ರತಿ ಮಾತನ್ನೂ ಕೇಳಿಸಿಕೊಳ್ಳುತ್ತಿರುತ್ತದೆ. ಮಗುವಿನ ಕಾಯಿಲೆಯ ಚರಿತ್ರೆಯನ್ನು ತರಕಾರಿ ಗಾಡಿಯ ಮುಂದೆ ಬಿಚ್ಚಿಡುವ ಅಗತ್ಯ ಯಾವ ತಾಯಿತಂದೆಗೂ ಇಲ್ಲ. ಒಂದು ಸಾಲಿನ ಉತ್ತರವನ್ನು ಮನೆಯಲ್ಲೇ ತಯಾರು ಮಾಡಿಕೊಳ್ಳಿ, ಮಗುವಿಗೂ ಕಲಿಸಿ. "ನಂಗೆ ನಡೆಯೋಕೆ ಇದು ಬೇಕು" ಎಂದು ಮಗುವೇ ಹೇಳಿದರೆ ಕೇಳಿದವರು ಮುಂದೆ ಮಗುವನ್ನೇ ಮಾತಾಡಿಸುತ್ತಾರೆ. ದೇವಸ್ಥಾನದ ಹತ್ತಿರ ಯಾರಾದರೂ ಮಗುವಿನ ಮಡಿಲಿಗೆ ದುಡ್ಡು ಹಾಕಿದರೆ ನಯವಾಗಿ, ಆದರೆ ಅನುಮಾನಕ್ಕೆ ಎಡೆಯಿಲ್ಲದಂತೆ ಅಲ್ಲೇ ಹಿಂದಿರುಗಿಸಿ. ಮಗು ಅದನ್ನು ನೋಡಲಿ. ಬೇರೆ ಮಕ್ಕಳು ಕುತೂಹಲದಿಂದ ಬಂದು ಚಕ್ರ ಮುಟ್ಟಿ ನೋಡಿದರೆ ಓಡಿಸಬೇಡಿ. ಸ್ನೇಹ ಶುರುವಾಗುವುದೇ ಹಾಗೆ.

ಮೆಟ್ಟಿಲ ಬಗ್ಗೆ ಕೇಳಿ

ಒಂದು ಸಾರ್ವಜನಿಕ ಕಚೇರಿಯಲ್ಲಿ ಮಗನ ಹೆಸರಿನ ಕಾಗದಕ್ಕಾಗಿ ಹೋದಾಗ ಐದು ಮೆಟ್ಟಿಲ ಕೆಳಗೇ ಕುರ್ಚಿ ನಿಲ್ಲಿಸಿ ಕಾಯಬೇಕಾಯಿತು. ಪಕ್ಕದಲ್ಲೇ ಒಂದು ರ್‍ಯಾಂಪ್ ಇತ್ತು, ಬೈಕು ಹತ್ತಿಸುವಷ್ಟು ಕಡಿದಾಗಿ, ನುಣುಪು ಗ್ರಾನೈಟಿನಲ್ಲಿ. ಅದು ಇದ್ದೂ ಇಲ್ಲದಂತೆ. ರ್‍ಯಾಂಪ್ ಎಂದರೆ 1:12 ಇಳಿಜಾರು: ಒಂದು ಅಡಿ ಎತ್ತರಕ್ಕೆ 12 ಅಡಿ ಉದ್ದ. ಆರು ಇಂಚಿನ ಒಂದೇ ಮೆಟ್ಟಿಲಿಗೂ ಆರು ಅಡಿ ಬೇಕು. ಅಗಲ 1,200 ಮಿ.ಮೀ., ಬಾಗಿಲಿನ ತೆರವು 900 ಮಿ.ಮೀ. ಎಂಬ ಅಳತೆಗಳು ಕೇಂದ್ರ ಸರ್ಕಾರದ 2021ರ ಮಾರ್ಗಸೂಚಿಯಲ್ಲಿವೆ.

ಇದು ಯಾರ ಕೃಪೆಯೂ ಅಲ್ಲ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಸಾರ್ವಜನಿಕ ಕಟ್ಟಡಗಳು ಎಲ್ಲರಿಗೂ ಪ್ರವೇಶ ಕೊಡಬೇಕೆನ್ನುತ್ತದೆ; ಜನ ಬಂದುಹೋಗುವ ಖಾಸಗಿ ಕಟ್ಟಡಗಳೂ ಅದರಲ್ಲಿ ಸೇರಿವೆ. ಹಳೆಯ ಕಟ್ಟಡಗಳನ್ನು ಸರಿಪಡಿಸಲು ಕಾಯ್ದೆ ಕೊಟ್ಟಿದ್ದ ಐದು ವರ್ಷ 2022ರಲ್ಲೇ ಮುಗಿದಿದೆ. 2024ರ ನವೆಂಬರ್ 8ರಂದು ರಾಜೀವ್ ರತೂರಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಈ ಮಾನದಂಡಗಳು ಬರಿಯ ಸಲಹೆಗಳಾಗಿ ಉಳಿಯಬಾರದು, ಕಡ್ಡಾಯವಾಗಬೇಕು ಎಂದು ಹೇಳಿದೆ.

ಮೆಟ್ಟಿಲಿನ ಫೋಟೊ ತೆಗೆದು, ಎತ್ತರ ಅಳೆದು, ಬೇಕಾದ ರ್‍ಯಾಂಪಿನ ಉದ್ದ ಬರೆದು ಅರ್ಜಿ ಕೊಡಿ, ಸ್ವೀಕೃತಿ ಪಡೆಯಿರಿ. ಸ್ಪಂದನೆ ಇಲ್ಲದಿದ್ದರೆ ರಾಜ್ಯದ ವಿಕಲಚೇತನರ ಆಯುಕ್ತರಿಗೆ ದೂರು ಸಲ್ಲಿಸಬಹುದು. ಹಳ್ಳಿಯವರು ಪಂಚಾಯಿತಿಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರನ್ನು ಕಾಣಲಿ. ಸ್ಥಳೀಯ ಸಂಸ್ಥೆಗಳ ಅನುದಾನದಲ್ಲಿ ಶೇ. 5ರಷ್ಟು ವಿಕಲಚೇತನರಿಗೆ ಮೀಸಲು ಎಂಬುದನ್ನು ಅರ್ಜಿಯಲ್ಲೇ ಉಲ್ಲೇಖಿಸಿ.

ಅಂಗಡಿ ಇಟ್ಟಿರುವ ಓದುಗರಲ್ಲಿ ಒಂದು ಕೋರಿಕೆ. ರ್‍ಯಾಂಪಿಗೆ ಜಾಗವಿಲ್ಲದಿದ್ದರೆ ಒಂದು ಕಡಿದಾದ ಹಲಗೆ ಒರಗಿಸಿ ಮುಗಿಸಬೇಡಿ, ಅದರ ಮೇಲೆ ಕುರ್ಚಿ ಮಗುಚುತ್ತದೆ. ಬಾಗಿಲ ಕೆಳಗೆ ಕೈಗೆಟುಕುವಲ್ಲಿ ಒಂದು ಕರೆಗಂಟೆ ಹಾಕಿಸಿ, ಅದು ಮೊಳಗಿದಾಗ ಎದ್ದು ಹೊರಗೆ ಬನ್ನಿ, ಏನು ಬೇಕೆಂದು ಮಗುವನ್ನೇ ಕೇಳಿ.